ಆಟಕ್ಕುಂಟು, ಲೆಕ್ಕಕ್ಕೂ ಉಂಟು

ಕಾರವಾರದ ಟಾಗೋರ್ ಕಡಲತೀರದಲ್ಲಿ ಸಂಜೆ ನೀರು ಇಳಿದಿದ್ದರೆ ಒದ್ದೆ ಮರಳು ಸಿಮೆಂಟಿನ ಹಾಗೆ ಗಟ್ಟಿಯಾಗಿರುತ್ತದೆ. ಕ್ರಿಕೆಟ್ಟಿಗೆ ಅದಕ್ಕಿಂತ ಒಳ್ಳೆಯ ಪಿಚ್ ಬೇಕಿಲ್ಲ. ಮೊನ್ನೆ ಅಲ್ಲಿ ಒಂಬತ್ತು ಮಕ್ಕಳು ಸೇರಿದ್ದರು. ಐದರಿಂದ ಹತ್ತು ವರ್ಷದವರು. ಒಂದರ ಮೇಲೊಂದು ಪೇರಿಸಿಟ್ಟ ಚಪ್ಪಲಿಗಳೇ ಸ್ಟಂಪು. ಚೆಂಡು ನೀರಿಗೆ ಹೋದರೆ ಔಟ್, ಹೊಡೆದವರೇ ಹೋಗಿ ತರಬೇಕು. ಆರು ವರ್ಷದ ನನ್ನ ಮಗಳೂ ಅವರಲ್ಲಿದ್ದಳು.

ಸುಮ್ನೆ ಕುತೂಹಲಕ್ಕೆ ಮೊಬೈಲಿನಲ್ಲಿ ಹೊತ್ತು ನೋಡಿಕೊಂಡೆ. ಟೀಮು ಮಾಡಿಕೊಳ್ಳುವುದಕ್ಕೆ 11 ನಿಮಿಷ ಹಿಡಿಯಿತು. ಎರಡನೇ ಓವರಿನಲ್ಲಿ ಚೆಂಡು ಚಪ್ಪಲಿಗೆ ತಾಗಿತೋ ಇಲ್ಲವೋ ಎಂಬ ಜಗಳಕ್ಕೆ 7 ನಿಮಿಷ. ಪಕ್ಕದಲ್ಲಿ ಕೂತಿದ್ದ ಒಬ್ಬ ಹುಡುಗನ ಅಪ್ಪನಿಗೆ ತಡೆಯಲಾಗಲಿಲ್ಲ. "ಆಡೋದಕ್ಕಿಂತ ಕಿತ್ತಾಡೋದೇ ಜಾಸ್ತಿ ಇವರದ್ದು. ತಡೀರಿ, ನಾನೇ ಹೋಗಿ ಅಂಪೈರ್ ಆಗ್ತೇನೆ" ಎಂದು ಎದ್ದರು.

"ಕೂತ್ಕೊಳ್ಳಿ ಮಾರಾಯ್ರೇ, ಅವರು ಕಲಿಯೋದೇ ಆ ಜಗಳದಲ್ಲಿ" ಎಂದೆ. ಅವರು ಕೂತರು. ಆದರೆ ನನ್ನನ್ನು ನೋಡಿದ ರೀತಿಯಲ್ಲಿ ನಂಬಿಕೆ ಏನೂ ಇರಲಿಲ್ಲ. ಆವತ್ತು ನಾಲ್ಕು ಮಾತಿನಲ್ಲಿ ಹೇಳಲು ಆಗದ್ದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

"ಆಟ ಆಡಿದರೆ ಮಕ್ಕಳಿಗೆ ಹೊಂದಾಣಿಕೆ ಬರುತ್ತದೆ, ಶಿಸ್ತು ಬರುತ್ತದೆ" ಎಂದು ಎಲ್ಲರೂ ಹೇಳುತ್ತಾರೆ. ಶಾಲೆಯ ಕ್ರೀಡಾಕೂಟದ ಉದ್ಘಾಟನೆಯಲ್ಲಿ ಈ ಮಾತು ಬಾರದೆ ಭಾಷಣ ಮುಗಿಯುವುದೇ ಇಲ್ಲ. ಎಲ್ಲಿಂದ ಬರುತ್ತದೆ, ಹೇಗೆ ಬರುತ್ತದೆ ಎಂದು ಮಾತ್ರ ಯಾರೂ ಹೇಳುವುದಿಲ್ಲ. ಜೆರ್ಸಿ ಹಾಕಿ ಮೈದಾನಕ್ಕೆ ಬಿಟ್ಟ ಕೂಡಲೇ ಬರುವಂಥದ್ದಲ್ಲ ಅದು.

ಟೀಮು ಮಾಡುವಲ್ಲಿಂದಲೇ ಶುರು ಮಾಡೋಣ. ಆವತ್ತಿನ 11 ನಿಮಿಷದಲ್ಲಿ ಏನು ನಡೆಯಿತು ಎಂದರೆ, ಇಬ್ಬರು ದೊಡ್ಡ ಮಕ್ಕಳು ಕ್ಯಾಪ್ಟನ್ ಆದರು. ಉಳಿದವರು ಜೋಡಿ ಜೋಡಿಯಾದರು. ಜೋಡಿ ಎಂದರೆ ಹೆಚ್ಚುಕಮ್ಮಿ ಒಂದೇ ತರ ಆಡುವ ಇಬ್ಬರು. ಹೆಗಲ ಮೇಲೆ ಕೈ ಹಾಕಿಕೊಂಡು ದೂರ ಹೋಗಿ, ಗುಟ್ಟಿನಲ್ಲಿ ಒಂದೊಂದು ಮೀನಿನ ಹೆಸರಿಟ್ಟುಕೊಂಡು ಬಂದರು. "ಬಂಗಡೆ ಬೇಕೋ, ಪಾಪ್ಲೆಟ್ ಬೇಕೋ?" ಕ್ಯಾಪ್ಟನ್ "ಪಾಪ್ಲೆಟ್" ಎಂದ. ಪಾಪ್ಲೆಟ್ ಆಗಿದ್ದವನು ಅವನ ಟೀಮಿಗೆ, ಬಂಗಡೆ ಈ ಕಡೆಗೆ. ಶಿರಸಿ ಹತ್ತಿರದ ನಮ್ಮೂರಿನಲ್ಲಿ ನಾವು ಹಲಸು ಬೇಕೋ ಮಾವು ಬೇಕೋ ಎಂದು ಕೇಳುತ್ತಿದ್ದೆವು. ಹೆಸರು ಬೇರೆ, ಉಪಾಯ ಅದೇ.

ಈ ಉಪಾಯವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಜೋಡಿ ಆಗುವಾಗ "ನನಗೆ ಸಮ ಯಾರು?" ಎಂದು ಏಳು ವರ್ಷದ ಹುಡುಗಿ ತನ್ನನ್ನೇ ಅಳೆದುಕೊಳ್ಳಬೇಕು. ಜಂಭ ಮಾಡಿ ದೊಡ್ಡವನ ಜೊತೆ ನಿಂತರೆ ಆ ದೊಡ್ಡವನೇ ಒಪ್ಪುವುದಿಲ್ಲ. ಬೇಕಂತಲೇ ಚಿಕ್ಕವನನ್ನು ಹಿಡಿದುಕೊಂಡರೆ ಕ್ಯಾಪ್ಟನ್ "ಜೋಡಿ ಸರಿ ಇಲ್ಲ" ಎಂದು ವಾಪಸು ಕಳಿಸುತ್ತಾನೆ. ಹೆಸರು ಗುಟ್ಟಾಗಿರುವುದರಿಂದ ಕ್ಯಾಪ್ಟನ್‌ಗೆ ತನ್ನ ದೋಸ್ತಿಯನ್ನೇ ಆರಿಸಿಕೊಳ್ಳಲು ಬರುವುದಿಲ್ಲ. ಎರಡು ಟೀಮೂ ಸಮ ಆಗುತ್ತವೆ. ಕೊನೆಗೆ ಯಾರಿಗೂ ಬೇಡವಾಗಿ ಒಬ್ಬರೇ ನಿಲ್ಲುವ ಪ್ರಸಂಗವೂ ಬರುವುದಿಲ್ಲ. ಇದನ್ನು ಯಾವ ಮೇಷ್ಟ್ರೂ ಇವರಿಗೆ ಹೇಳಿಕೊಟ್ಟಿಲ್ಲ. ದೊಡ್ಡ ಮಕ್ಕಳಿಂದ ಚಿಕ್ಕವರಿಗೆ ಬಂದದ್ದು.

ನಾನು ಓದಿದ ಶಾಲೆಯಲ್ಲಿ ಇನ್ನೊಂದು ಪದ್ಧತಿ ಇತ್ತು. ಇಬ್ಬರು ಲೀಡರು ಎಲ್ಲರ ಎದುರಿಗೆ ಒಬ್ಬೊಬ್ಬರನ್ನೇ ಕರೆಯುವುದು. ನಾನು ಪ್ರತಿ ಸಲ ಕೊನೆಗೆ ಉಳಿಯುತ್ತಿದ್ದೆ. ಒಮ್ಮೆ ಒಬ್ಬ ಲೀಡರು, "ಸರ್, ಇವರನ್ನ ಅವರೇ ಇಟ್ಕೊಳ್ಲಿ, ನಮಗೆ ಒಬ್ಬರು ಕಮ್ಮಿ ಆದ್ರೂ ಅಡ್ಡಿಲ್ಲ" ಎಂದಿದ್ದು ಇನ್ನೂ ಕಿವಿಯಲ್ಲಿದೆ. ಮೇಷ್ಟ್ರು ನಕ್ಕರು. ಎಲ್ಲರೂ ನಕ್ಕರು. ಆಮೇಲೆ ಎರಡು ವರ್ಷ ಆಟದ ಪಿರಿಯಡ್ಡಿನಲ್ಲಿ ನನಗೆ ತಪ್ಪದೆ ಹೊಟ್ಟೆನೋವು ಬರುತ್ತಿತ್ತು. ಅದೂ ಒಂದು ಕಲಿಕೆಯೇ ಅನ್ನಿ. ಟೀಮಿನ ಆಟ ಕೆಟ್ಟದ್ದನ್ನೂ ಅಷ್ಟೇ ಗಟ್ಟಿಯಾಗಿ ಕಲಿಸುತ್ತದೆ.

ಕಡಲತೀರಕ್ಕೆ ವಾಪಸು ಬರೋಣ. ಒಂಬತ್ತರಲ್ಲಿ ಇಬ್ಬರು ಕ್ಯಾಪ್ಟನ್, ಮೂರು ಜೋಡಿ. ಒಬ್ಬ ಉಳಿದ, ಐದು ವರ್ಷದವನು. ಇವನು "ಆಟಕ್ಕುಂಟು, ಲೆಕ್ಕಕ್ಕಿಲ್ಲ". ದೊಡ್ಡವರಾದ ಮೇಲೆ ಈ ಮಾತನ್ನು ನಾವು ಬರೀ ಹಂಗಿಸಲು ಬಳಸುತ್ತೇವೆ, ಆಫೀಸಿನಲ್ಲಿ ತಮ್ಮ ಮಾತು ನಡೆಯದವರ ಬಗ್ಗೆ. ಮಕ್ಕಳ ಆಟದಲ್ಲಿ ಅದು ದೊಡ್ಡ ಕರುಣೆ. ಆ ಹುಡುಗ ಎರಡೂ ಕಡೆ ಬ್ಯಾಟು ಹಿಡಿಯುತ್ತಾನೆ. ಔಟಾದರೂ ಔಟಲ್ಲ. ಅವನ ರನ್ನು ಯಾರಿಗೂ ಸೇರುವುದಿಲ್ಲ. ಚೆಂಡು ಹೆಕ್ಕಿಕೊಡುತ್ತಾನೆ, ಎಲ್ಲರ ಜೊತೆ ಕೂಗುತ್ತಾನೆ. ಅಷ್ಟು ಹೊತ್ತೂ ಆಟ ಹೇಗೆ ನಡೆಯುತ್ತದೆ ಎಂದು ಒಳಗಿನಿಂದ ನೋಡುತ್ತಿರುತ್ತಾನೆ. ಆ ವಯಸ್ಸಿಗೆ ಅದಕ್ಕಿಂತ ಜಾಸ್ತಿ ಬೇಕಿಲ್ಲ ಎಂದು ಮಕ್ಕಳ ಮನಸ್ಸನ್ನು ಓದಿದವರೂ ಹೇಳುತ್ತಾರೆ.

ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಮಿಲ್ಡ್ರೆಡ್ ಪಾರ್ಟನ್ ಎಂಬವರು ಶಿಶುವಿಹಾರದ ಮಕ್ಕಳ ಆಟವನ್ನು ಕೂತು ನೋಡಿ 1932ರಲ್ಲಿ ಬರೆದದ್ದು ಇವತ್ತಿಗೂ ಬಾಲಶಿಕ್ಷಣದ ಪಾಠದಲ್ಲಿದೆ. ಎರಡು ವರ್ಷದ ಮಗು ಹೆಚ್ಚಾಗಿ ಒಂದೇ ಆಡುತ್ತದೆ, ಇಲ್ಲವೆ ಬೇರೆಯವರ ಆಟ ನೋಡುತ್ತದೆ. ಆಮೇಲೆ ಇನ್ನೊಂದು ಮಗುವಿನ ಪಕ್ಕದಲ್ಲಿ ಕೂತು ಅದೇ ಆಟವನ್ನು ತನ್ನ ಪಾಡಿಗೆ ಆಡುತ್ತದೆ. ಇಬ್ಬರೂ ಮರಳಿನ ಗುಡ್ಡೆ ಕಟ್ಟುತ್ತಾರೆ, ಗುಡ್ಡೆ ಮಾತ್ರ ಬೇರೆ ಬೇರೆ. ಮುಂದಿನ ಹಂತದಲ್ಲಿ ಬಕೆಟ್ಟು, ಚಮಚ ಕೊಟ್ಟು ತೆಗೆದುಕೊಳ್ಳುತ್ತಾರೆ. ಎಲ್ಲರೂ ಸೇರಿ ಒಂದೇ ಗುಡ್ಡೆ ಕಟ್ಟೋಣ, ನೀನು ನೀರು ತಾ, ನಾನು ಅಗೆಯುತ್ತೇನೆ ಎನ್ನುವುದು ಕೊನೆಗೆ, ನಾಲ್ಕೈದು ವರ್ಷದ ಸುಮಾರಿಗೆ ಬರುತ್ತದೆ. ಟೀಮು ಎಂಬುದು ಈ ಕೊನೆಯ ಮೆಟ್ಟಿಲು.

ಹಾಗಾಗಿ ನಾಲ್ಕು ವರ್ಷದ ಮಕ್ಕಳಿಗೆ ಫುಟ್‌ಬಾಲ್ ಆಡಿಸಿದರೆ ಬೆಲ್ಲಕ್ಕೆ ಮುತ್ತಿದ ಇರುವೆಗಳಂತೆ ಎಲ್ಲರೂ ಚೆಂಡಿನ ಸುತ್ತ ಇರುತ್ತಾರೆ. ಗೋಲ್‌ಕೀಪರ್ ಕೂಡ ಅಲ್ಲೇ. ಹೊರಗಿನಿಂದ "ಪಾಸ್ ಕೊಡೋ!" ಎಂದು ಕೂಗಿ ಗಂಟಲು ನೋಯಿಸಿಕೊಳ್ಳುವುದು ದಂಡ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಕೂಡ ನಿಯಮ, ಕೋಚ್ ಇರುವ ಟೀಮಿನ ಆಟಕ್ಕೆ ಮಕ್ಕಳು ಸಿದ್ಧರಾಗುವುದು ಸುಮಾರು ಆರು ವರ್ಷಕ್ಕೆ ಎನ್ನುತ್ತದೆ. ಅದಕ್ಕೆ ಮೊದಲು ಓಡಲಿ, ಹತ್ತಲಿ, ಮರಳಿನಲ್ಲಿ ಉರುಳಲಿ.

ಆರಕ್ಕೆ ಏಕೆ? ಕೈಕಾಲಿನ ಬಲಕ್ಕಿಂತ ದೊಡ್ಡ ಕಾರಣ ತಲೆಯೊಳಗಿದೆ. ಪಾಸ್ ಕೊಡಬೇಕಾದರೆ ಆಚೆ ನಿಂತವನಿಗೆ ಏನು ಕಾಣುತ್ತಿದೆ, ಅವನು ಏನು ಅಂದುಕೊಂಡಿದ್ದಾನೆ ಎಂದು ಊಹಿಸಬೇಕು. ಸಣ್ಣ ಮಕ್ಕಳಿಗೆ ಇದು ಬರುವುದಿಲ್ಲ. 1983ರಲ್ಲಿ ಹೈಂಜ್ ವಿಮ್ಮರ್ ಮತ್ತು ಜೋಸೆಫ್ ಪೆರ್ನರ್ ಎಂಬ ಸಂಶೋಧಕರು ಒಂದು ಪರೀಕ್ಷೆ ಪ್ರಕಟಿಸಿದರು. ಮಾಕ್ಸಿ ಎಂಬ ಹುಡುಗ ಚಾಕಲೇಟನ್ನು ಒಂದು ಕಪಾಟಿನಲ್ಲಿಟ್ಟು ಆಡಲು ಹೋಗುತ್ತಾನೆ. ಅವನಿಲ್ಲದಾಗ ಅಮ್ಮ ಅದನ್ನು ಇನ್ನೊಂದು ಕಪಾಟಿಗೆ ಸಾಗಿಸುತ್ತಾಳೆ. ವಾಪಸು ಬಂದ ಮಾಕ್ಸಿ ಎಲ್ಲಿ ಹುಡುಕುತ್ತಾನೆ? ಮೂರು ವರ್ಷದ ಮಗು ಚಾಕಲೇಟು ಈಗ ಇರುವ ಕಪಾಟನ್ನೇ ತೋರಿಸುತ್ತದೆ. ತನಗೆ ಗೊತ್ತಿದ್ದದ್ದು ಮಾಕ್ಸಿಗೂ ಗೊತ್ತಿರಬೇಕಲ್ವಾ ಎಂಬ ಲೆಕ್ಕ. ನಾಲ್ಕು ದಾಟಿದ ಮೇಲೆ ಮಕ್ಕಳು ನಿಧಾನಕ್ಕೆ "ಇಲ್ಲ, ಅವನು ತಾನು ಇಟ್ಟಲ್ಲೇ ಹುಡುಕ್ತಾನೆ" ಎನ್ನತೊಡಗುತ್ತಾರೆ. ಬೇರೆಯವರ ತಲೆಯಲ್ಲಿ ಬೇರೆಯದೇ ಚಿತ್ರ ಇರಬಹುದು ಎಂದು ಹೊಳೆದ ಮೇಲೆಯೇ ಪಾಸು, ಆಮೇಲೆಯೇ ಕಬಡ್ಡಿಯಲ್ಲಿ ಎಡಕ್ಕೆ ಹೋಗುವ ಹಾಗೆ ಮಾಡಿ ಬಲಕ್ಕೆ ಹಾರುವುದು. ಎದುರಾಳಿಗೆ ಸುಳ್ಳು ಸುಳಿವು ಕೊಡಬೇಕಾದರೂ ಅವನ ತಲೆಯೊಳಗೆ ಒಂದು ಸುತ್ತು ಹೋಗಿ ಬರಬೇಕು.

ಇನ್ನು ಜಗಳದ ವಿಷಯ.

ಸ್ವಿಟ್ಜರ್‌ಲ್ಯಾಂಡಿನ ಮನಃಶಾಸ್ತ್ರಜ್ಞ ಜೀನ್ ಪಿಯಾಜೆ ಗೋಲಿ ಆಡುವ ಮಕ್ಕಳ ಜೊತೆ ತಾನೂ ಕೂತು, "ಈ ಆಟದ ನಿಯಮ ಏನು? ಯಾರು ಮಾಡಿದ್ದು? ಬದಲಿಸಬಹುದಾ?" ಎಂದು ಕೇಳಿದವರು. 1932ರಲ್ಲಿ ಅವರು ಬರೆದದ್ದನ್ನು ಓದಿದರೆ ನಮ್ಮ ಕಡಲತೀರದ ಮಕ್ಕಳೇ ಕಾಣುತ್ತಾರೆ. ಐದಾರು ವರ್ಷದವರಿಗೆ ನಿಯಮ ಎಂದರೆ ದೊಡ್ಡವರಿಂದ ಬಂದದ್ದು, ಮುಟ್ಟುವ ಹಾಗಿಲ್ಲ. ಬದಲಿಸಿದರೆ ಮೋಸ. ತಮಾಷೆ ಎಂದರೆ ಅಷ್ಟು ಭಕ್ತಿ ಇಟ್ಟುಕೊಂಡೂ ಆಡುವಾಗ ಪಾಲಿಸುವುದಿಲ್ಲ. ಒಬ್ಬೊಬ್ಬರೂ ತಮ್ಮದೇ ನಿಯಮದಲ್ಲಿ ಆಡಿ ಕೊನೆಗೆ ಎಲ್ಲರೂ ಗೆಲ್ಲುತ್ತಾರೆ. ಏಳೆಂಟರ ಹೊತ್ತಿಗೆ ಎಲ್ಲರಿಗೂ ಒಂದೇ ನಿಯಮ ಬೇಕು ಎನಿಸುತ್ತದೆ. ಹತ್ತು ದಾಟಿದ ಮೇಲೆ ನಿಯಮ ಎಂದರೆ ನಾವು ಒಪ್ಪಿಕೊಂಡದ್ದು, ಎಲ್ಲರೂ ಒಪ್ಪಿದರೆ ಬದಲಿಸಬಹುದು ಎಂಬ ತಿಳಿವಳಿಕೆ ಗಟ್ಟಿಯಾಗುತ್ತದೆ.

ಈ ಬದಲಾವಣೆ ಎಲ್ಲಿಂದ ಬಂತು? ದೊಡ್ಡವರ ಉಪದೇಶದಿಂದ ಬಂದದ್ದಲ್ಲ, ಸಮವಯಸ್ಕರ ಜೊತೆ ವಾದ ಮಾಡಿ ಮಾಡಿ ಬಂದದ್ದು ಎನ್ನುತ್ತಾರೆ ಪಿಯಾಜೆ. ಅಪ್ಪ ಬಂದು "ಔಟ್" ಎಂದರೆ ವಿಷಯ ಅಲ್ಲಿಗೆ ಮುಗಿಯಿತು. ಅದೇ ಇನ್ನೊಬ್ಬ ಎಂಟು ವರ್ಷದವನು "ಔಟ್" ಎಂದರೆ ಕಾರಣ ಕೊಡಬೇಕು, ಒಪ್ಪಿಸಬೇಕು. ಒಪ್ಪದಿದ್ದರೆ ಅವನು ಬ್ಯಾಟು ಎತ್ತಿಕೊಂಡು ಮನೆಗೆ ಹೋಗುತ್ತಾನೆ, ಆಟವೇ ನಿಲ್ಲುತ್ತದೆ. ಆವತ್ತಿನ 7 ನಿಮಿಷದ ಜಗಳ ಹೇಗೆ ಮುಗಿಯಿತು ಗೊತ್ತಾ? ಬೌಲರ್ "ಔಟ್" ಎನ್ನುತ್ತಾನೆ, ಬ್ಯಾಟಿಂಗಿನವಳು "ಗಾಳಿಗೆ ಚಪ್ಪಲಿ ಬಿದ್ದದ್ದು ಹಾಂ!" ಎನ್ನುತ್ತಾಳೆ. ಕೊನೆಗೆ ಎಂಟು ವರ್ಷದ ಒಬ್ಬಳು "ಈ ಬಾಲು ಇಲ್ಲ ಅಂತ ಮಾಡಿ, ಆದ್ರೆ ಚಪ್ಪಲಿ ಮೇಲೆ ಕಲ್ಲು ಇಡುವಾ" ಎಂದಳು. ಇಬ್ಬರೂ ಗೊಣಗುತ್ತ ಒಪ್ಪಿದರು. ಇಬ್ಬರಿಗೂ ಪೂರ್ತಿ ಸಮಾಧಾನ ಆಗದ, ಆದರೆ ಆಟ ಮುಂದೆ ಹೋಗುವ ತೀರ್ಮಾನ. ನಮ್ಮ ಎಷ್ಟೋ ಸೊಸೈಟಿ ಮೀಟಿಂಗುಗಳಲ್ಲಿ ಇಷ್ಟು ಚಂದದ ತೀರ್ಮಾನ ಆಗುವುದನ್ನು ನಾನು ಕಂಡಿಲ್ಲ.

ಜಾಗ ನೋಡಿ ನಿಯಮ ಮಾಡಿಕೊಳ್ಳುವುದೂ ಇದರದ್ದೇ ಇನ್ನೊಂದು ಮುಖ. ಇಲ್ಲಿ ನೀರಿಗೆ ಹೋದರೆ ಔಟ್. ಘಟ್ಟದ ಮೇಲೆ ನಮ್ಮ ಅಂಗಳದಲ್ಲಿ ಹಂಚಿಗೆ ತಾಗಿದರೆ ಔಟ್, ತೋಟಕ್ಕೆ ಬಿದ್ದರೆ ಔಟ್, ಒಣಗಲು ಹಾಕಿದ ಅಡಿಕೆ ಮೇಲೆ ಬಿದ್ದರೆ ಆಟವೇ ಬಂದ್. ಜನ ಬೆಸ ಸಂಖ್ಯೆಯಲ್ಲಿದ್ದರೆ ಒಬ್ಬ ಕಾಮನ್. ತೀರಾ ಚಿಕ್ಕವರಿಗೆ ನಿಧಾನ ಬೌಲಿಂಗ್. ಇರುವ ಜನ, ಇರುವ ಜಾಗಕ್ಕೆ ಕಾನೂನು ಬರೆಯುವುದನ್ನು ಎಂಟು ವರ್ಷದ ಮಗು ಬೇರೆ ಎಲ್ಲಿ ಕಲಿತೀತು ಹೇಳಿ.

ಆದರೆ ಒಂದು ಮಾತು ಹೇಳಿಬಿಡುತ್ತೇನೆ. ಎಷ್ಟೇ ಪ್ರೀತಿ ಇದ್ದರೂ ಚಿಕ್ಕ ಮಕ್ಕಳಿಗೆ ಕ್ರಿಕೆಟ್ ಅಂಥ ಒಳ್ಳೆಯ ಟೀಮಿನ ಆಟ ಅಲ್ಲ. ಒಬ್ಬ ಹೊಡೆಯುತ್ತಾನೆ, ಒಬ್ಬ ಎಸೆಯುತ್ತಾನೆ, ಉಳಿದವರು ಏಡಿ ಗೂಡು ಅಗೆಯುತ್ತ ನಿಂತಿರುತ್ತಾರೆ. ಕೂಡಿ ಆಡುವುದು ಎಂದರೇನು ಎಂದು ಕಾಣಬೇಕಾದರೆ ಖೋಖೋ ನೋಡಬೇಕು.

ಖೋಖೋದಲ್ಲಿ ಎಂಟು ಜನ ಸಾಲಾಗಿ ಕುಕ್ಕರುಗಾಲಲ್ಲಿ ಕೂರುತ್ತಾರೆ. ಒಬ್ಬರ ಮುಖ ಆ ಕಡೆ, ಪಕ್ಕದವರ ಮುಖ ಈ ಕಡೆ. ಒಂಬತ್ತನೆಯವಳು ಅಟ್ಟಿಸಿಕೊಂಡು ಓಡುತ್ತಾಳೆ. ಓಡುವವಳಿಗೆ ಎರಡು ಕಟ್ಟು. ನಡುವಿನ ಸಾಲನ್ನು ದಾಟಿ ಆಚೆ ಹೋಗುವ ಹಾಗಿಲ್ಲ. ಒಂದು ದಿಕ್ಕು ಹಿಡಿದ ಮೇಲೆ ಕಂಬದ ತನಕ ತಿರುಗುವ ಹಾಗೂ ಇಲ್ಲ. ತಪ್ಪಿಸಿಕೊಳ್ಳುವವರಿಗೆ ಇದ್ಯಾವುದೂ ಇಲ್ಲ, ಕೂತವರ ಸಂದಿಯಲ್ಲಿ ನುಸುಳಿ ಆಚೆ ಹೋಗಿಬಿಡುತ್ತಾರೆ. ಆಗ ಏನು ಮಾಡಬೇಕು? ಕೂತವಳ ಬೆನ್ನು ಮುಟ್ಟಿ "ಖೋ" ಎನ್ನಬೇಕು. ಅವಳು ಎದ್ದು ಓಡುತ್ತಾಳೆ, ಇವಳು ಅವಳ ಜಾಗದಲ್ಲಿ ಕೂರುತ್ತಾಳೆ.

ಶಾಲೆಯ ಖೋಖೋ ನೋಡುವಾಗ ಒಂದು ಮಗುವಿನ ಮೇಲೆ ಕಣ್ಣಿಡಿ. ಮೂರನೇ ಕ್ಲಾಸಿನ ಒಬ್ಬಳನ್ನು ನಾನು ಹೀಗೇ ನೋಡುತ್ತಿದ್ದೆ. ಜೋರಾಗಿ ಓಡುವ ಹುಡುಗಿ. ಮೊದಲ ವಾರ ಅವಳು ಖೋ ಕೊಡುತ್ತಲೇ ಇರಲಿಲ್ಲ. ತಾನೇ ಹಿಡಿಯಬೇಕು. ಕಂಬ ಸುತ್ತಿ ಬರುವುದರೊಳಗೆ ಎದುರಿನವರು ಆಚೆ ಹೋಗಿ ಆಗಿರುತ್ತಿತ್ತು. ಅವಳು ಏದುಸಿರು ಬಿಡುತ್ತ ಅಳುವ ಹಾಗಾಗುತ್ತಿದ್ದಳು. ಯಾರೂ ಬೈಯಬೇಕಾಗಿರಲಿಲ್ಲ. ಒಬ್ಬಳೇ ಹಿಡಿಯಲು ಆಗದ ಹಾಗೆ ಆ ಆಟದ ಕಟ್ಟೇ ಇದೆ. ಎರಡು ಮೂರು ವಾರದಲ್ಲಿ ಅವಳ ಕಣ್ಣು ಬದಲಾಯಿತು. ಓಡುವಾಗ ಎದುರಿನವರನ್ನಷ್ಟೇ ಅಲ್ಲ, ಕೂತವರಲ್ಲಿ ಯಾರ ಮುಖ ಯಾವ ಕಡೆಗಿದೆ, ಯಾರು ಎದ್ದರೆ ಸುಲಭ ಎಂದು ನೋಡತೊಡಗಿದಳು. ಕೂತಾಗಲೂ ಕಾಲು ತುದಿಯಲ್ಲಿ ನಿಂತ ಹಾಗೇ ಇರುತ್ತಿದ್ದಳು, ಖೋ ಯಾವಾಗ ಬರುತ್ತದೋ ಎಂದು.

ಅಮೆರಿಕದ ಚಿಂತಕ ಜಾರ್ಜ್ ಹರ್ಬರ್ಟ್ ಮೀಡ್ ಹೇಳಿದ್ದು ಇದನ್ನೇ. ಅವರ ಪಾಠಗಳು ಅವರು ತೀರಿಕೊಂಡ ಮೇಲೆ 1934ರಲ್ಲಿ ಅಚ್ಚಾದವು. ಅವರು ಬೇಸ್‌ಬಾಲ್ ಉದಾಹರಣೆ ಕೊಟ್ಟರು, ನಮಗೆ ಖೋಖೋ ಸಾಕು. ಅಮ್ಮನಾಟ, ಅಂಗಡಿಯಾಟದಲ್ಲಿ ಮಗು ಒಂದು ಸಲಕ್ಕೆ ಒಂದೇ ಪಾತ್ರ ಮಾಡುತ್ತದೆ. ಈಗ ಡಾಕ್ಟರು, ಇನ್ನೊಂದು ಗಳಿಗೆಗೆ ಪೇಷೆಂಟು. ಟೀಮಿನ ಆಟದಲ್ಲಿ ಹಾಗಲ್ಲ. ತನ್ನ ಕೆಲಸ ಮಾಡುತ್ತಲೇ ಉಳಿದವರೆಲ್ಲರ ಕೆಲಸವನ್ನೂ ತಲೆಯಲ್ಲಿ ಇಟ್ಟುಕೊಳ್ಳಬೇಕು. ಅವರೆಲ್ಲ ನನ್ನಿಂದ ಏನು ನಿರೀಕ್ಷೆ ಮಾಡುತ್ತಾರೆ ಎಂದೂ ಗೊತ್ತಿರಬೇಕು. "ನಾನು" ಎಂಬುದನ್ನು ಬೇರೆಯವರ ಕಣ್ಣಿನಿಂದ ನೋಡಿಕೊಳ್ಳುವ ಅಭ್ಯಾಸ ಅಲ್ಲಿಂದ ಬರುತ್ತದೆ ಎಂಬುದು ಮೀಡ್ ಅವರ ವಾದ. ಓದಲು ಕಷ್ಟದ ಬರವಣಿಗೆ ಅದು. ಕಡಲತೀರದಲ್ಲಿ ರಂಪಣಿ ಬಲೆ ಎಳೆಯುವುದನ್ನು ನೋಡಿದವರಿಗೆ ವಿವರಿಸುವುದೇ ಬೇಡ. ಬಲೆಯ ಎರಡು ತುದಿಯ ಹಗ್ಗ ಹಿಡಿದು ಎರಡು ಸಾಲು ಜನ ಎಳೆಯುತ್ತಾರೆ. ಒಂದು ಕಡೆಯವರು ಪೌರುಷ ತೋರಿಸಿ ಬೇಗ ಎಳೆದರೆ ಪ್ರಯೋಜನ ಇಲ್ಲ. ಆಚೆಯವರ ಹದ ನೋಡಿ ಎಳೆಯಬೇಕು.

ಕೆಲವು ಆಟಗಳ ನಿಯಮದಲ್ಲೇ ಪಾಠ ಅಡಗಿರುತ್ತದೆ. ನಮ್ಮ ಜಿಲ್ಲೆಯ ಊರೂರಲ್ಲಿ ಇರುವ ವಾಲಿಬಾಲ್ ತೆಗೆದುಕೊಳ್ಳಿ. ಒಬ್ಬರೇ ಸಾಲಾಗಿ ಎರಡು ಸಲ ಚೆಂಡು ಮುಟ್ಟುವ ಹಾಗಿಲ್ಲ, ಕೊಡಲೇಬೇಕು. ಸರ್ವಿಸ್ ಗೆದ್ದುಕೊಂಡ ಹಾಗೆಲ್ಲ ಜಾಗ ತಿರುಗುತ್ತದೆ, ಹಿಂದೆ ಅಡಗಿ ನಿಂತವನೂ ಒಂದು ಹೊತ್ತಿಗೆ ನೆಟ್ಟಿನ ಎದುರಿಗೆ ಬರಲೇಬೇಕು. ಕಬಡ್ಡಿಯಲ್ಲಿ ಔಟಾಗಿ ಹೊರಗೆ ಕೂತವನಿಗೆ ಮತ್ತೆ ಜೀವ ಬರುವುದು ಒಳಗಿರುವವರು ಎದುರಾಳಿಯನ್ನು ಔಟ್ ಮಾಡಿದಾಗ. ಮೊದಲು ಹೋದವನೇ ಮೊದಲು ಒಳಗೆ. ಹೊರಗೆ ಕೂತ ಮಕ್ಕಳ ಮುಖ ನೋಡಿ ಒಮ್ಮೆ. ತಮ್ಮ ರೈಡರ್ ಆಚೆ ಹೋದಾಗ ಇವರ ಉಸಿರೂ ನಿಂತಿರುತ್ತದೆ. ಬೇರೆಯವರು ಗೆಲ್ಲಲಿ ಎಂದು ಮನಸಾರೆ ಹಾರೈಸುವುದನ್ನು ನೀತಿಕಥೆ ಹೇಳಿ ಕಲಿಸುವುದು ಕಷ್ಟ. ಇಲ್ಲಿ ಸ್ವಾರ್ಥವೇ ಅದನ್ನು ಕಲಿಸಿಬಿಡುತ್ತದೆ.

ಕಾಯುವುದೂ ಹಾಗೆಯೇ. ರೇಸಿನ ಗೆರೆಯ ಮೇಲೆ ನಿಂತ ಮಗುವಿಗೆ ಈಗಲೇ ಓಡಬೇಕು ಎನಿಸುತ್ತದೆ, ನಿಯಮ ಇನ್ನೂ ಇಲ್ಲ ಎನ್ನುತ್ತದೆ. ತಡೆದು ನಿಲ್ಲುತ್ತದೆ, ಏಕೆಂದರೆ ತಡೆದರೇ ಆಟದ ಸುಖ. ರಷ್ಯಾದ ಮನಃಶಾಸ್ತ್ರಜ್ಞ ಲೆವ್ ವೈಗೋಟ್ಸ್ಕಿ 1930ರ ದಶಕದಲ್ಲಿ ಇದನ್ನು ಗಮನಿಸಿ, ಮಗು ತನ್ನನ್ನು ತಾನು ಹಿಡಿದುಕೊಳ್ಳುವುದು ಎಲ್ಲಕ್ಕಿಂತ ಹೆಚ್ಚಾಗಿ ಆಟದಲ್ಲಿ ಎಂದರು. ಊಟಕ್ಕೆ ಎರಡು ನಿಮಿಷ ಕಾಯದ ನನ್ನ ಮಗಳು ಬ್ಯಾಟಿಂಗಿಗೆ ಅರ್ಧ ಗಂಟೆ ಕಾಯುತ್ತಾಳೆ.

ಕರಾವಳಿಯ ಕಥೆ ಹೀಗಾದರೆ ಘಟ್ಟದ ಮೇಲೆ ಬೇರೆಯೇ ಕಷ್ಟ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಮನೆಗಳು ದೂರ ದೂರ. ಒಂದು ಮನೆ ತೋಟದ ಈ ತಲೆಗೆ, ಇನ್ನೊಂದು ಗುಡ್ಡದ ಆಚೆಗೆ. ಸಂಜೆ ಟೀಮು ಕಟ್ಟಲು ಮಕ್ಕಳೇ ಸಿಗುವುದಿಲ್ಲ. ನನ್ನ ತಂಗಿಯ ಮಗ ಗೋಡೆಗೆ ಚೆಂಡು ಹೊಡೆದು ತಾನೇ ಕ್ಯಾಚ್ ಹಿಡಿಯುತ್ತಾನೆ, ತಾನೇ ಕಾಮೆಂಟರಿಯನ್ನೂ ಹೇಳುತ್ತಾನೆ. ಅವನಿಗೆ ಚೆಂಡಿನ ಹದ ಚೆನ್ನಾಗಿ ಗೊತ್ತು. ಆದರೆ ಮೊದಲ ಸಲ ಎಂಟು ಮಕ್ಕಳ ಜೊತೆ ಆಡಲು ಬಿಟ್ಟಾಗ, ಔಟ್ ಎಂದ ಕೂಡಲೇ "ಆನು ಆಡ್ತ್ನಿಲ್ಲೆ" ಎಂದು ಮೂಲೆ ಹಿಡಿದ. ಗೋಡೆ ಇವನಿಗೆ ಯಾವತ್ತೂ ಔಟ್ ಎಂದಿರಲಿಲ್ಲವಲ್ಲ. ಅಂಥ ಮಕ್ಕಳಿಗೆ ಶಾಲೆಯ ಆಟದ ಪಿರಿಯಡ್ಡೇ ಇರುವ ಒಂದು ದಾರಿ. ಅದನ್ನು ಗಣಿತಕ್ಕೋ ಪರೀಕ್ಷೆ ತಯಾರಿಗೋ ಎತ್ತಿಕೊಂಡರೆ ಬೇರೆ ಕಡೆ ತುಂಬಿಕೊಳ್ಳಲು ಆಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ ಬೇರೆ. ಮೈದಾನದಲ್ಲಿ ನೀರು ನಿಂತಾಗ ಜಗಲಿಯ ಮೇಲೆ ನಾಲ್ಕು ಜನ ಕೂತು ಆಡುವ ಆಟವಾದರೂ ಆಗಲಿ, ಸರದಿ ಕಾಯುವುದು, ಸೋಲು ನುಂಗುವುದು ಅಲ್ಲೂ ಇದೆ.

ಕಾರವಾರದಲ್ಲಿ ಮಕ್ಕಳಿಗೆ ಕೊರತೆ ಇಲ್ಲ, ಭಾಷೆಗೂ ಇಲ್ಲ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ. ನೌಕಾನೆಲೆಗೆ, ಕೈಗಾ ಅಣುಸ್ಥಾವರಕ್ಕೆ ವರ್ಗವಾಗಿ ಬಂದವರ ಮಕ್ಕಳಿಗೆ ಇದ್ಯಾವುದೂ ಬರುವುದಿಲ್ಲ. ಹಾಗೆ ಹೊಸದಾಗಿ ಬಂದ ಒಬ್ಬ ಹುಡುಗ ನಮ್ಮ ಬೀದಿಯಲ್ಲಿ ಮೊದಲು ಕಲಿತದ್ದು "ಮಾಕಾ ದೀ", ನನಗೆ ಕೊಡು ಎಂದು. ಎರಡನೆಯದು "ಔಟಿಲ್ಲ". ಇಷ್ಟರಲ್ಲೇ ಅವನಿಗೆ ಒಂದು ತಿಂಗಳು ಸಾಗಿತು. ಅವನ ಅಮ್ಮ ಅಕ್ಕಪಕ್ಕದವರ ಜೊತೆ ಮಾತು ಶುರು ಮಾಡುವಷ್ಟರಲ್ಲಿ ಇವನಿಗೆ ಆರು ಮನೆಯ ಅಡುಗೆಕೋಣೆ ಗೊತ್ತಿತ್ತು.

ಇಷ್ಟೆಲ್ಲ ಹೇಳಿದ ಮೇಲೆ ಇದರ ಕರಿ ಮುಖವನ್ನೂ ಹೇಳಬೇಕು. ಟೀಮು ಎಂದರೆ "ನಾವು". ನಾವು ಎಂದ ಕೂಡಲೇ "ಅವರು" ಹುಟ್ಟುತ್ತಾರೆ. 1954ರ ಬೇಸಿಗೆಯಲ್ಲಿ ಅಮೆರಿಕದ ಒಕ್ಲಹೋಮಾದಲ್ಲಿ ಮನಃಶಾಸ್ತ್ರಜ್ಞ ಮುಜಫರ್ ಶೆರಿಫ್ ಮತ್ತು ಜೊತೆಯವರು 22 ಹುಡುಗರನ್ನು ಒಂದು ಶಿಬಿರಕ್ಕೆ ಕರೆದುಕೊಂಡು ಹೋದರು. ಎಲ್ಲರೂ ಹನ್ನೊಂದರ ಆಸುಪಾಸಿನವರು, ಪರಸ್ಪರ ಗುರುತಿಲ್ಲ. ಎರಡು ಗುಂಪು ಮಾಡಿ ಬೇಸ್‌ಬಾಲ್, ಹಗ್ಗ ಜಗ್ಗಾಟದ ಪಂದ್ಯ ಇಟ್ಟರು. ಬಹುಮಾನ ಗೆದ್ದವರಿಗೆ ಮಾತ್ರ. ಕೆಲವೇ ದಿನಗಳಲ್ಲಿ ಬೈಗುಳ ಶುರುವಾಯಿತು, ಬಾವುಟ ಸುಟ್ಟರು, ಒಬ್ಬರ ಬಿಡಾರಕ್ಕೆ ಇನ್ನೊಬ್ಬರು ನುಗ್ಗಿದರು. ಒಟ್ಟಿಗೆ ಊಟಕ್ಕೆ ಕೂರಿಸಿ ನೋಡಿದರೆ ಅನ್ನ ತಿನ್ನುವ ಬದಲು ಒಬ್ಬರ ಮೇಲೊಬ್ಬರು ಊಟ ಎಸೆದರು. ಆಮೇಲೆ ಎರಡೂ ಗುಂಪಿಗೆ ಬೇಕಾದ, ಒಂದೇ ಗುಂಪಿನಿಂದ ಆಗದ ಕೆಲಸಗಳನ್ನು ಕೊಟ್ಟರು. ನೀರು ನಿಂತುಹೋದದ್ದನ್ನು ಸರಿ ಮಾಡುವುದು, ಚಾಲೂ ಆಗದ ಟ್ರಕ್ಕನ್ನು ಎಳೆಯುವುದು. ಟ್ರಕ್ಕಿಗೆ ಕಟ್ಟಿದ್ದು ಯಾವ ಹಗ್ಗ ಅಂದುಕೊಂಡಿರಿ? ಅದೇ ಹಗ್ಗ ಜಗ್ಗಾಟದ ಹಗ್ಗ. ಹಗೆ ನಿಧಾನಕ್ಕೆ ಇಳಿಯಿತು. ಮಕ್ಕಳನ್ನು ಹೀಗೆ ಎತ್ತಿಕಟ್ಟಿ ನೋಡಿದ್ದು ಸರಿಯಾ ಎಂದು ಆಮೇಲೆ ಟೀಕೆಯೂ ಬಂತು. ನನಗೂ ಅದು ಸರಿ ಕಾಣುವುದಿಲ್ಲ. ಆದರೂ ವಲಯ ಮಟ್ಟ, ತಾಲೂಕು ಮಟ್ಟದ ಪಂದ್ಯಗಳಲ್ಲಿ ಬಸ್ಸು ಹತ್ತುವಾಗ ನಡೆಯುವ ಕಿರುಚಾಟ ಕೇಳಿದಾಗ ಆ ಶಿಬಿರ ನೆನಪಾಗುತ್ತದೆ. ಪ್ರತಿ ವಾರ ಟೀಮು ಬದಲಿಸುವುದಕ್ಕೆ ಖರ್ಚೇನೂ ಇಲ್ಲ. ನಿನ್ನೆ ಎದುರಾಳಿ ಆಗಿದ್ದವನು ಇವತ್ತು ನಮ್ಮವನಾದರೆ ಹಗೆ ಬೇರು ಬಿಡುವುದಿಲ್ಲ. ಬಂಗಡೆ-ಪಾಪ್ಲೆಟ್ ಪದ್ಧತಿಯಲ್ಲಿ ಅದು ತಂತಾನೇ ಆಗುತ್ತದೆ.

ದೊಡ್ಡವರು ಏನು ಮಾಡಬೇಕು ಎಂಬುದಕ್ಕೆ ಗಟ್ಟಿ ಆಧಾರ ಇರುವ ಒಂದು ಕೆಲಸ ಇದೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ರೊನಾಲ್ಡ್ ಸ್ಮಿತ್ ಮತ್ತು ಫ್ರಾಂಕ್ ಸ್ಮಾಲ್ 1970ರ ದಶಕದಿಂದ ಮಕ್ಕಳ ಬೇಸ್‌ಬಾಲ್ ಕೋಚ್‌ಗಳಿಗೆ ಸಣ್ಣ ತರಬೇತಿ ಕೊಟ್ಟು ನೋಡಿದರು. ಅದರಲ್ಲಿ ಇದ್ದದ್ದು ಇಷ್ಟೇ: ಪ್ರಯತ್ನ ಕಂಡಾಗ ಬಾಯಿಬಿಟ್ಟು ಹೇಳಿ, ತಪ್ಪಾದಾಗ ಮೊದಲು ಧೈರ್ಯ ಕೊಟ್ಟು ಆಮೇಲೆ ಹೇಗೆ ಮಾಡಬೇಕೆಂದು ತೋರಿಸಿ, ಹಂಗಿಸಬೇಡಿ. ತರಬೇತಿ ಪಡೆದ ಕೋಚ್‌ಗಳ ಟೀಮು ಜಾಸ್ತಿ ಗೆಲ್ಲಲಿಲ್ಲ, ಉಳಿದವರಷ್ಟೇ ಗೆದ್ದವು. ಆದರೆ ಆ ಮಕ್ಕಳಿಗೆ ಕೋಚ್ ಮೇಲೂ ಟೀಮಿನ ಜೊತೆಗಾರರ ಮೇಲೂ ಪ್ರೀತಿ ಜಾಸ್ತಿ ಇತ್ತು. 1992ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಬೇರೆ ಕೋಚ್‌ಗಳ ಕೈಕೆಳಗೆ ಆಡಿದ ಪ್ರತಿ 100 ಮಕ್ಕಳಲ್ಲಿ 26 ಮಕ್ಕಳು ಮುಂದಿನ ವರ್ಷ ಆಟ ಬಿಟ್ಟರೆ, ತರಬೇತಿ ಪಡೆದವರ ಕೈಕೆಳಗೆ ಬಿಟ್ಟವರು 5 ಮಾತ್ರ. ನನ್ನ ಹೊಟ್ಟೆನೋವಿನ ಲೆಕ್ಕ ಅಲ್ಲಿ ಸಿಕ್ಕಿತು.

ಹುಡುಗಿಯರ ವಿಷಯ ಹೇಳದೆ ಹೋದರೆ ತಪ್ಪಾಗುತ್ತದೆ. ಕಡಲತೀರದಲ್ಲಿ ಎಂಟು ವರ್ಷದ ತನಕ ಹುಡುಗಿಯರು ಕಾಣುತ್ತಾರೆ. ಹನ್ನೊಂದಕ್ಕೆ ಹುಡುಕಬೇಕು. ಯಾರೂ ಬೇಡ ಎಂದಿರುವುದಿಲ್ಲ, "ಸಾಕು ಬಾರೇ, ಕಪ್ಪಾಗ್ತೀಯ" ಎಂದಿರುತ್ತಾರೆ ಅಷ್ಟೇ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋಖೋ ವಿಶ್ವಕಪ್ಪನ್ನು ಭಾರತದ ಗಂಡಸರ ಟೀಮೂ ಹೆಂಗಸರ ಟೀಮೂ ಗೆದ್ದವು. ಆ ಹೆಂಗಸರೂ ಬಿಸಿಲಿನಲ್ಲೇ ಆಡಿ ಬಂದವರು.

ಆವತ್ತಿನ ಸಂಜೆಯ ಕೊನೆ ಹೇಳಿಬಿಡುತ್ತೇನೆ. ಕತ್ತಲಾಗುವ ಹೊತ್ತಿಗೆ ಒಂದು ಟೀಮಿನ ಹುಡುಗನನ್ನು ಅವನ ಆಯಿ ಬಂದು ಕರೆದುಕೊಂಡು ಹೋದಳು. ಒಬ್ಬ ಕಮ್ಮಿ ಆದ. ಕ್ಯಾಪ್ಟನ್ ಸುತ್ತ ನೋಡಿ ಐದು ವರ್ಷದವನಿಗೆ "ಏ, ಈಗ ನೀನು ಲೆಕ್ಕಕ್ಕೆ" ಎಂದ. ಅವನ ಮುಖ ಊರಗಲ ಆಯಿತು. ಬ್ಯಾಟನ್ನು ಎರಡು ಸಲ ನೆಲಕ್ಕೆ ಕುಟ್ಟಿ ನಿಂತ. ಮೊದಲ ಬಾಲೇ ಚಪ್ಪಲಿಗೆ ತಾಗಿ ಕಲ್ಲಿನ ಸಮೇತ ಬಿತ್ತು. ಎದುರಿನವರು ಕುಣಿದರು. ಇವನು ಒಂದು ಗಳಿಗೆ ಎಲ್ಲರ ಮುಖ ನೋಡಿದ. ಆಮೇಲೆ ದೊಡ್ಡದಾಗಿ ಅಳುತ್ತ, "ನಂಗೆ ಲೆಕ್ಕ ಬೇಡ, ಮೊದ್ಲಿನ ತರಾನೇ ಬೇಕು" ಎಂದ.

ಪಕ್ಕದವರು ಮತ್ತೆ ಏಳಲು ಹೋದರು. ಅಷ್ಟರಲ್ಲಿ ಔಟ್ ಮಾಡಿದ ಬೌಲರೇ ಬಂದು ಅವನ ಕಣ್ಣು ತನ್ನ ಅಂಗಿಯಿಂದ ಒರೆಸಿ, "ಅದು ಟ್ರೈ ಬಾಲ್ ಆಗಿತ್ತಾ, ಲೆಕ್ಕಕ್ಕಿಲ್ಲ, ನೀ ಕೇಳ್ಲೇ ಇಲ್ಲ" ಎಂದು ಚೆಂಡು ತೆಗೆದುಕೊಂಡು ವಾಪಸು ನಡೆದ. ಅವನ ಟೀಮಿನವರು "ಏ, ಅದು ಔಟೇ!" ಎಂದು ಕೂಗತೊಡಗಿದರು. ಇನ್ನೊಂದು ಜಗಳ ಶುರುವಾಯಿತು.